ಬಿರುಕು ಅಳೆದ ದಾರ

ಹೊಳೆಮಾಳಾಪುರ, ಹಡಗಲಿ ತಾಲ್ಲೂಕು
ಗುರುವಾರ, ೧೪–೬–೨೦೦೧

ಸಮತಾಳ ಅಪ್ಪನಿಗೆ ಓಬಮ್ಮ ಮಾಡುವ ನಮಸ್ಕಾರ.

ಮೊಣಕಾಲು ನೋವು ಹೇಗಿದೆ? ಉಚ್ಚಂಗಿದುರ್ಗದ ಕೋಟೆಯ ಮೆಟ್ಟಿಲುಗಳನ್ನು ದಿನಕ್ಕೊಮ್ಮೆ ಹತ್ತಿದರೆ ಸಾಕು, ಸಾಹೇಬರಿಗೆ ಚುರುಕು ತೋರಿಸಲು ಎರಡೆರಡು ಸಲ ಓಡಬೇಡಿ. ಕಳಿಸಿದ ಶೇಂಗಾ ಚಟ್ನಿ ಮುಗಿದಿರಬೇಕು. ಒಬ್ಬರೇ ತಿನ್ನುವ ಜಾಯಮಾನ ನಿಮ್ಮದಲ್ಲ, ಊರಿಗೆಲ್ಲ ಹಂಚಿರುತ್ತೀರಿ. ಇಲ್ಲಿ ನಾವು ಕ್ಷೇಮ. ಸಮತಾ ಐದನೆಯ ತರಗತಿಗೆ ಹೋಗುತ್ತಿದ್ದಾಳೆ. ಅತ್ತೆಯ ಕೆಮ್ಮು ಕಡಿಮೆಯಾಗಿದೆ, ಬಾಯಿ ಕಡಿಮೆಯಾಗಿಲ್ಲ. ಮೂರು ತಿಂಗಳ ಕೆಲಸ ಎಂದು ನಿಮ್ಮನ್ನು ಕರೆದುಕೊಂಡು ಹೋದವರು ಐದು ತಿಂಗಳು ಇಟ್ಟುಕೊಂಡರು. ಕೇಳುವವರು ಯಾರು?

ಕ್ಷೇಮ ಎಂದೇನೋ ಬರೆದೆ. ಆದರೆ ನನಗೆ ನಿಂತಲ್ಲಿ ನಿಲ್ಲಲು ಆಗುತ್ತಿಲ್ಲ, ಕುಂತಲ್ಲಿ ಕೂರಲು ಆಗುತ್ತಿಲ್ಲ. ಹೂ ಕಟ್ಟುವಾಗಲೂ ಕಣ್ಣು ಗುಡಿಯ ಕಡೆಗೇ ಹೋಗುತ್ತದೆ. ನೀವು ಹನ್ನೊಂದು ವರ್ಷ ದಿನಗೂಲಿಯಲ್ಲಿ ಕಾದ ಗುಡಿ ನಿಮ್ಮ ಬೆನ್ನ ಹಿಂದೆ ಬೀಳುತ್ತಿದೆ. ಬಾಗಿಲ ಪಕ್ಕದ ಗೋಡೆಯ ಬಿರುಕಿಗೆ ಇಂಜಿನಿಯರು ಅಡ್ಡಲಾಗಿ ಗೇಣುದ್ದದ ಗಾಜಿನ ಪಟ್ಟಿ ಅಂಟಿಸಿ ಹೋಗಿದ್ದು ನೆನಪಿದೆಯಲ್ಲ? 'ಗಾಜು ಒಡೀತು ಅಂದ್ರ ಗೋಡಿ ಸರದೈತಿ ಅಂತ ತಿಳಕೋರಿ, ತಕ್ಷಣ ಬಂದು ಹೇಳ್ರಿ' ಅಂದಿದ್ದರು. ಯುಗಾದಿ ಕಳೆದ ವಾರ ಅದು ಒಡೆಯಿತು. ನಾನು ಹೂ ಹಾಕಲು ಹಡಗಲಿಗೆ ಹೋದ ದಿನ ನಿಮ್ಮ ಅವ್ವ ಕಸ ಹೊಡೆಯಲು ಒಳಗೆ ಹೋಗಿ ಅದನ್ನು ನೋಡಿದ್ದಾರೆ. ಒಡೆದ ಬಳೆಯ ಚೂರನ್ನೂ ಹೊಸ್ತಿಲೊಳಗೆ ಇಟ್ಟುಕೊಳ್ಳದವರು ಸುಮ್ಮನಿರುತ್ತಾರೆಯೇ? ಗಾಜನ್ನು ಬಾಚಿ ತಿಪ್ಪೆಗೆ ಹಾಕಿ, ಅಂಟಿಸಿದ ಗಾರೆಯನ್ನೂ ಕುಡುಗೋಲಿನಿಂದ ಕೆತ್ತಿ ತೆಗೆದು, ಆ ಜಾಗಕ್ಕೆ ಮೂರು ಗೆರೆ ವಿಭೂತಿ ಬಳಿದು ಬಂದರು. 'ದೇವರ ಮನ್ಯಾಗ ಒಡೆದ ಗಾಜು ಇರಬಾರದವ್ವ, ಮನಿತನಕ್ಕ ಒಳ್ಳೇದಲ್ಲ' ಎಂದು ನನಗೇ ಬುದ್ಧಿ ಹೇಳಿದರು. ಅವರನ್ನು ಬೈಯಬೇಡಿ. ಮನೆಗೆ ಕೇಡು ಬರದಿರಲಿ ಎಂದೇ ಮಾಡಿದ್ದು.

ಮರುದಿನವೇ ನಿಮ್ಮ ಪುರಾತತ್ವ ಇಲಾಖೆಯ ಕಚೇರಿಗೆ ಹೋದೆ. ಗುಮಾಸ್ತರು ತಲೆ ಎತ್ತದೆ, 'ಒಡೆದ ಗಾಜು ಎಲ್ಲೈತಿ? ಗಾಜು ಇಲ್ಲದ ರಿಪೋರ್ಟು ಮ್ಯಾಲೆ ಕಳಿಸಾಕ ಬರಂಗಿಲ್ಲ' ಅಂದರು. ಗೋಡೆಯನ್ನೇ ಬಂದು ನೋಡಿ ಅಂದರೆ ಜೀಪು ಇಲ್ಲವಂತೆ. ಆಮೇಲೆ ಕನ್ನಡಕ ಸರಿಸಿ, 'ನೀನು ಒಳಗ ಹೆಂಗ ಹೋದಿ? ಕೀಲಿ ನಿನ್ನ ಗಂಡ ಪಾಲಣ್ಣನ ಹತ್ರ ಐತಲ್ಲ?' ಎಂದು ಕೇಳಿಬಿಟ್ಟರು. ನನ್ನ ಸೊಂಟದಲ್ಲಿದ್ದ ಕೀಲಿ ಬೆಂಕಿಯಂತೆ ಸುಟ್ಟಿತು. 'ಹೂಂ ಸಾರ್, ಅವರ ಹತ್ರಾನೇ ಐತ್ರಿ. ನಾನು ಬಾಗಿಲ ಸರಳಿನ ಸಂದ್ಯಾಗ ನೋಡಿದ್ನಿ' ಅಂದೆ. ಬಿರುಕು ಬಾಗಿಲಿಗೆ ಹತ್ತಿರವಿದ್ದುದರಿಂದ ನಂಬಿದರು. ಕಸ ಹೊಡೆಯಲಿ, ದೀಪ ಹಚ್ಚಲಿ ಎಂದು ನೀವು ಕೀಲಿಯನ್ನು ನನ್ನ ಕೈಗೆ ಕೊಟ್ಟು ಹೋದದ್ದು ಗೊತ್ತಾದರೆ, ಕಾಯಂ ಮಾಡುವ ಪಟ್ಟಿಯಲ್ಲಿರುವ ನಿಮ್ಮ ಹೆಸರಿಗೆ ಕೆಂಪು ಗೆರೆ ಬೀಳುತ್ತದೆ. ಅವತ್ತಿನಿಂದ ನನ್ನ ಮನಸ್ಸು ಮನಸ್ಸಾಗಿಲ್ಲ.

ಗಾಜು ಇಲ್ಲದಿದ್ದರೇನು, ದಾರವಿದೆಯಲ್ಲ ಎಂದುಕೊಂಡೆ. ಪ್ರತಿ ಸೋಮವಾರ ಮಲ್ಲಿಗೆ ಕಟ್ಟಿ ಮುಗಿಸಿದ ಮೇಲೆ ಒಂದೇ ದಾರವನ್ನು ಬಿರುಕಿಗೆ ಅಡ್ಡ ಹಿಡಿದು, ಅದು ಎಷ್ಟು ಅಗಲವೋ ಅಲ್ಲಿಗೊಂದು ಗಂಟು ಹಾಕುತ್ತ ಬಂದೆ. ಮೊಳ ಹಾಕಿ ಹೂ ಮಾರುವವಳಿಗೆ ಅಳತೆ ತಪ್ಪುವುದಿಲ್ಲ. ಮೊದಲ ಗಂಟು ಒಂದು ಬೆರಳಿನಷ್ಟು, ಈ ಸೋಮವಾರದ್ದು ಮೂರು ಬೆರಳು ದಾಟಿದೆ. ಸರಳಿನ ಸಂದಿಯಲ್ಲಿ ಕೈ ತೂರಿಸಿ ಅಳೆದೆ ಎಂದು ಹೇಳಿ ಅದನ್ನು ತೋರಿಸಿದರೆ ಗುಮಾಸ್ತರು, 'ಇದು ಹೂವಿನ ಅಂಗಡಿ ಅಲ್ಲಮ್ಮ' ಎಂದು ನಕ್ಕರು. ದೇವರು ವರ ಕೊಟ್ಟರೂ ಪೂಜಾರಿ ಕೊಡ. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಗುಡಿಯ ಮುಂದೆ ನೀಲಿ ಬೋರ್ಡು ಹಾಕಿ, ಮುಟ್ಟಿದವರಿಗೆ ಮೂರು ತಿಂಗಳ ಸೆರೆ ಎಂದು ಬರೆಸಿದವರು ಇವರೇ. ನಮ್ಮದು ಎಂದು ಬೀಗ ಹಾಕಿದ ಮೇಲೆ ನಮ್ಮದು ಎಂದು ನೋಡಿಕೊಳ್ಳುವುದೂ ಬೇಡವೇ? ತಾವೂ ಮುಟ್ಟುವುದಿಲ್ಲ, ಊರವರನ್ನೂ ಮುಟ್ಟಗೊಡುವುದಿಲ್ಲ. ಕಲ್ಲು ಕೆಲಸದ ಸುಂಕಪ್ಪಜ್ಜ ಮೂರು ಸಲ ಬಂದು ಹೇಳಿದ: 'ನಾಕು ಜಾಲಿ ದಿಮ್ಮಿ, ಇಪ್ಪತ್ತು ಚೀಲ ಹೊಳಿ ಮರಳು ಆನಿಸಿದ್ರ ಗೋಡಿ ನಿಂತೀತು. ಸಿಮೆಂಟು ಒಂದು ಹಿಡಿ ಬ್ಯಾಡ.' ನಿಮ್ಮ ನೌಕರಿಯ ಹೆದರಿಕೆಗೆ ನಾನೇ ಬೇಡ ಅಂದೆ. ಹೇಳಿದ ಮೇಲೆ ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಬಿರುಕು ಈಗ ಶಾಸನದ ಕಲ್ಲಿನ ಅಂಚಿಗೆ ಬಂದಿದೆ. ಮದುವೆಯಾದ ವರ್ಷ ನೀವು ನನ್ನ ಬೆರಳು ಹಿಡಿದು ಆ ಕಲ್ಲಿನ ಒಂದು ಸಾಲಿನ ಮೇಲೆ ಓಡಿಸಿದ್ದಿರಿ. 'ನೋಡಿಲ್ಲಿ, ದೇವರಿಗೆ ದಿನಾ ಹೂ ಕಟ್ಟೋರಿಗೆ ಭೂಮಿ ಬಿಟ್ಟಾರ. ರಾಜರ ಜೋಡಿ ನಿಮ್ಮಂಥೋರ ಸುದ್ದೀನೂ ಐತಿ' ಅಂದಿದ್ದಿರಿ. ನಾನು ಏಳನೆಯ ತರಗತಿ ಓದಿದವಳು, ಆ ಅಕ್ಷರ ನನಗೆ ಬಾರದು. ಆದರೂ ಆ ಸಾಲು ಎಲ್ಲಿದೆ ಎಂದು ಕತ್ತಲೆಯಲ್ಲಿ ಕೇಳಿದರೂ ತೋರಿಸುತ್ತೇನೆ. ಅದು ಬಿದ್ದು ಒಡೆದರೆ ಯಾವ ಸರ್ಕಾರ ಮತ್ತೆ ಬರೆಸಿಕೊಡುತ್ತದೆ? ನಿಮ್ಮ ಅಲ್ಲಿನ ದೊಡ್ಡ ಸಾಹೇಬರಿಗೆ ಈ ಕಾಗದ ಕೈಸೇರಿದ ದಿನವೇ ಹೇಳಿ. ದಾರವನ್ನು ಇದರ ಜೊತೆಗೇ ಇಟ್ಟಿದ್ದೇನೆ, ಅವರ ಮೇಜಿನ ಮೇಲೆ ಉದ್ದಕ್ಕೆ ಹಾಸಿ ತೋರಿಸಿ. ಮಳೆಗಾಲ ಮೋಡ ಕಟ್ಟುತ್ತಿದೆ.

ಅತ್ತೆ ಆಶೀರ್ವಾದ ತಿಳಿಸಿದ್ದಾರೆ. ಸಮತಾ, ಅಪ್ಪ ಬರುವಾಗ ಕೋಟೆಯ ಒಂದು ಕಲ್ಲು ತರಲಿ ಅಂದಳು. ತರಬೇಡಿ, ಅದಕ್ಕೂ ಸೆರೆ ಇದೆ. ಹೊತ್ತಿಗೆ ಸರಿಯಾಗಿ ಉಣ್ಣಿ.

ನಿಮ್ಮ
ಓಬಮ್ಮ

ತಾ.ಕ.: ಶುಕ್ರವಾರ ಬೆಳಿಗ್ಗೆ. ಕಾಗದ ಅಂಚೆಗೆ ಹಾಕುವ ಮೊದಲೇ ನಿನ್ನೆ ಸಂಜೆ ಮಳೆ ಹೊಯ್ದು, ಶಾಸನದ ಮೇಲಿನ ಕಲ್ಲೊಂದು ಉರುಳಿತು. ಬೆಳಕು ಹರಿಯುತ್ತಲೇ ನಾನೇ ಸುಂಕಪ್ಪಜ್ಜನನ್ನು ಕರೆದೆ. ದಿಮ್ಮಿ, ಚೀಲ ಆನಿಸಿದ್ದೇವೆ. ಗೋಡೆ ನಿಂತಿದೆ, ಹೂವಿನ ಸಾಲು ಉಳಿದಿದೆ. ಬೀಗವನ್ನು ಕೀಲಿಯಿಂದ ತೆಗೆಯಲಿಲ್ಲ, ಗುಂಡುಕಲ್ಲಿನಿಂದ ಒಡೆದೆ. ಒಡೆದವಳು ನಾನೇ, ನನ್ನ ಗಂಡನಿಗೆ ಇದು ತಿಳಿಯದು ಎಂದು ಬರೆದು ಸಹಿ ಹಾಕಿ, ಇದರ ಜೊತೆ ಇಟ್ಟಿದ್ದ ದಾರವನ್ನು ತೆಗೆದು ಅದಕ್ಕೇ ಹೊಲಿದು ಈಗ ಕಚೇರಿಗೆ ಹೊರಟಿದ್ದೇನೆ. ಈ ಲಕೋಟೆಯನ್ನು ಅಂಚೆಗೆ ಹಾಕದೆ ಅಜ್ಜನ ಅಳಿಯನ ಕೈಯಲ್ಲಿ ಕಳಿಸುತ್ತಿದ್ದೇನೆ. ಒಳಗೆ ಗುಡಿಯ ಕೀಲಿ ಇದೆ. ಈಗಲೇ ಉಡಿದಾರಕ್ಕೆ ಕಟ್ಟಿಕೊಳ್ಳಿ. ಯಾರು ಕೇಳಿದರೂ, ಐದು ತಿಂಗಳಿಂದ ಅದು ಅಲ್ಲೇ ಇತ್ತು.