ಒಂದು ತೋಳಿನ ಸ್ವೆಟರ್

ಜನವರಿ 12, ಸೋಮವಾರ

ಬೆಳಿಗ್ಗೆ ನಾನು ಇನ್ನೆರಡು ಉಂಡೆ ಉಣ್ಣೆ ತರಲು ಬಂಗಾರಪೇಟೆಗೆ ಹೋಗಿದ್ದಾಗ, ಅತ್ತೆ ಮನೆಯಲ್ಲಿದ್ದ ಒಂದು ಚೀಲ ಉಣ್ಣೆಯನ್ನು ಪಕ್ಕದ ಮನೆಯ ಮುನಿಲಕ್ಷ್ಮಿಗೆ ಕೊಟ್ಟುಬಿಟ್ಟಿದ್ದಾರೆ. ನನ್ನನ್ನು ಒಂದು ಮಾತು ಕೇಳಬಾರದಿತ್ತೆ? ನಾದಿನಿ ಮಧುಶ್ರೀಗೆ ಹುಟ್ಟಲಿರುವ ಮಗುವಿಗೆಂದು ಹೆಣೆಯುತ್ತಿದ್ದ ಸ್ವೆಟರಿನ ಹಸಿರು ಉಣ್ಣೆ ಆ ಚೀಲದಲ್ಲೇ ಇತ್ತು. ಒಂದೇ ಒಂದು ತೋಳು ಬಾಕಿ. ಆ ಹಸಿರು ಈಗ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

"ಹೆರಿಗೆಗೆ ಬರೋ ಮಗಳನ್ನ ಎಲ್ಲಿ ಮಲಗಿಸ್ಲಿ? ನಿನ್ನ ಉಣ್ಣೆ ಮೇಲಾ?" ಎಂದರು ಅತ್ತೆ. ಊರಿಗಾಂನ ಈ ಎರಡು ಕೋಣೆಯ ಮನೆಯಲ್ಲಿ ಮಂಚದ ಕೆಳಗೂ ಉಣ್ಣೆ, ಅಕ್ಕಿ ಡಬ್ಬದ ಹಿಂದೆಯೂ ಉಣ್ಣೆ.

ವಾಪಸು ಕೇಳೋಣವೆಂದು ಮುನಿಲಕ್ಷ್ಮಿಯ ಮನೆಗೆ ಹೋದೆ. ಅವಳು ಅಷ್ಟನ್ನೂ ತುಂಬಿ ದಿಂಬು ಹೊಲಿದಾಗಿತ್ತು. ಮೂವತ್ತು ವರ್ಷ ಇಲ್ಲಿನ ಚಿನ್ನದ ಗಣಿಯ ದೂಳು ಕುಡಿದ ಅವಳಪ್ಪ ಅದಕ್ಕೊರಗಿ ಮಲಗಿದ್ದರು.

"ಚಪ್ಪಟೆ ದಿಂಬಲ್ಲಿ ಅಪ್ಪಂಗೆ ಉಸ್ರೇ ಆಡ್ತಿರ್ಲಿಲ್ಲ ಅಕ್ಕಾ. ಈಗಿನ್ನ ನಿದ್ದೆ ಹತ್ತೈತೆ," ಎಂದಳು ಮೆಲ್ಲಗೆ.

ಸುಮ್ಮನೆ ಬಂದೆ ಎಂದು ಹೇಳಿ ಹಿಂತಿರುಗಿದೆ.

ಅತ್ತೆಗೆ ಸ್ವೆಟರ್ ತೋರಿಸಿ, ಇದು ನಿಮ್ಮ ಮೊಮ್ಮಗುವಿಗೆ ಎಂದೆ. ಅದನ್ನು ಸ್ವಲ್ಪ ಹೊತ್ತು ಸವರುತ್ತ ಕೂತರು. ಆಮೇಲೆ, "ಇನ್ನೊಂದು ತೋಳು ಬೇರೆ ಬಣ್ಣದ್ದು ಹಾಕು. ಮಗುಗೇನು ಗೊತ್ತಾಗುತ್ತೆ?" ಎಂದರು.

ಮಗುವಿಗೆ ಗೊತ್ತಾಗದು, ನನಗೆ ಗೊತ್ತಾಗುತ್ತದೆ. ಉಳಿದದ್ದನ್ನೆಲ್ಲ ಹಾಸಿಗೆಯ ಮೇಲೆ ಸುರಿದು ಹುಡುಕಿದೆ. ಇಷ್ಟೊಂದು ಕೂಡಿಟ್ಟೂ ಒಂದು ಗೇಣುದ್ದದ ತೋಳಿಗೆ ಸಾಲುವಷ್ಟು ಹಸಿರಿಲ್ಲ. ಈ ಸಿಟ್ಟು ಅತ್ತೆಯ ಮೇಲೋ ನನ್ನ ಮೇಲೋ ಎಂದು ಯೋಚಿಸಿದರೆ... ಸಾಕು, ಕಣ್ಣು ಎಳೆಯುತ್ತಿದೆ.