ನಾಜಮೀನಳ ಹಿಡಿತ

೧೯ ಮೇ ೨೦೦೯, ಮಂಗಳವಾರ. ಗಜೇಂದ್ರಗಡ.

ನಾಜಮೀನಳ ಫೋನು ತಲೆಯಿಂದ ಹೋಗುತ್ತಿಲ್ಲ. ನನ್ನ ಕಬಡ್ಡಿ ಹುಡುಗಿ ಈಗ ಭಾರತದ ರಗ್ಬಿ ತಂಡದಲ್ಲಿದ್ದಾಳೆ. ಮುಂದಿನ ವಾರ ಏಷ್ಯಾ ಟೂರ್ನಿ. ನಮ್ಮದು ಹೊಸ ತಂಡ, ಒಂದು ಪಂದ್ಯ ಗೆದ್ದರೂ ದೊಡ್ಡದಂತೆ. ಪೇಪರಿನವರಿಗೇನು, ಬರೆಯುತ್ತಾರೆ.

"ಟೀಚರ್ರೀ, ರಗ್ಬಿಯಾಗ ಎದುರಿನಾಕಿನ್ನ ಕೆಡವಿದ ಕೂಡ್ಲೆ ಬಿಡಬೇಕಂತ. ನನ್ನ ಕೈ ಬಿಡವಲ್ವು ನೋಡ್ರಿ. ದಿನಾ ಫೌಲ್ ಕೊಡಾಕತ್ತಾರ."

ಕೆಡವಿದ ಮೇಲೂ ಬಿಡಬಾರದೆಂದು ಶಾಲೆಯ ಮೈದಾನದಲ್ಲಿ ಕಲಿಸಿದವಳು ನಾನೇ. ಆ ಹಿಡಿತ ನೋಡಿಯೇ ಅವಳನ್ನು ತಂಡಕ್ಕೆ ಆರಿಸಿದರು. ಈಗ ಅದರಿಂದಲೇ ಸೋತರೆ? "ಬಿಡು" ಎನ್ನಬೇಕಿತ್ತು, ಊಟ ಆಯ್ತೇ ಎಂದು ಕೇಳಿ ಫೋನಿಟ್ಟೆ. ಬಿಡುವುದನ್ನು ಕಲಿತರೆ ಅವಳ ಆಟದಲ್ಲಿ ಉಳಿಯುವುದೇನು? ಅದೂ ತಿಳಿಯುತ್ತಿಲ್ಲ.

ಸಂಜೆ ಅವಳ ತಾಯಿ ಸುಗರಾ ಬಂದು, "ನಮ್ಮಕಿ ಗೆಲ್ತಾಳೇನ್ರಿ?" ಎಂದು ಕೇಳಿದಳು. ಅವಳ ಕೈ ಹಿಡಿದುಕೊಂಡೆ. ಯಾವಾಗ ಬಿಡಬೇಕೆಂದು ನನಗೂ ಗೊತ್ತಾಗಲಿಲ್ಲ.