ಕರೆಂಟ್ ಹೋದಾಗಿನ ಮಾತು

ಕೊಪ್ಪಳ
ಫೆಬ್ರವರಿ ಮೂವತ್ತು, 2391

ಕರೆಂಟ್ ಹೋಗಿ ಕತ್ತಲಲ್ಲಿ ಕುಳಿತಿರುವ ಕೊಪ್ಪಳದ ಹಿರಿಯರಿಗೆ,

ತಾರೀಖು ನೋಡಿ ನಗಬೇಡಿ. ಕ್ಯಾಲೆಂಡರನ್ನು ನಾವು ತಿದ್ದಿ ಬಹಳ ಕಾಲವಾಯಿತು. ನನ್ನ ಕೆಲವು ಪದಗಳು ನಿಮ್ಮ ಬಾಯಿಗೆ ಒಗ್ಗದಿದ್ದರೆ ಕ್ಷಮೆಯಿರಲಿ. ನಾನು ನೀಲಗಂಗಾ ಬಳಿಗಾರ, ಇಲ್ಲಿನ ಕಾಲೇಜಿನಲ್ಲಿ ಇತಿಹಾಸದ ಪ್ರಾಧ್ಯಾಪಕಿ. ಎಂ.ಎ. ಮಾಡಿದ್ದು ಧಾರವಾಡದಲ್ಲಿ. ಮನಸ್ಸೆಲ್ಲ ವೀರಗಲ್ಲುಗಳ ಮೇಲಿದ್ದರೂ ಪಿಎಚ್‌.ಡಿ.ಗೆ ನಿಮ್ಮನ್ನು ಹಿಡಿದುಕೊಂಡೆ. ಉಂಡದ್ದು, ಉಟ್ಟದ್ದು, ಬೆಕ್ಕು ಮಲಗಿದ್ದು ಎಲ್ಲದರ ಫೋಟೊ ತೆಗೆದಿಟ್ಟವರು ನೀವು. ಆಧಾರಕ್ಕೆ ಅಲೆಯಬೇಕಿಲ್ಲ, ಬೇಗ ಮುಗಿಸಿ ಕಲ್ಲುಗಳ ಕಡೆ ಹೋಗೋಣ ಎಂದುಕೊಂಡೆ. ಆ ಜಾಣತನ ನನ್ನನ್ನೇ ನುಂಗಿತು.

ನಮ್ಮಲ್ಲಿ ಕಾಲವಾಸ ಎಂಬ ಪದ್ಧತಿಯಿದೆ. ಯಾವ ಕಾಲದ ಪಾಠ ಮಾಡುತ್ತೇವೋ ಆ ಕಾಲದ ಮನೆಯಲ್ಲೇ ಬದುಕಬೇಕು. ಚಾಲುಕ್ಯರನ್ನು ಆರಿಸಿದ ಸಹೋದ್ಯೋಗಿ ಬೆಟ್ಟದ ಗಾಳಿ ಕುಡಿದು ಹಾಯಾಗಿದ್ದಾನೆ. ನನಗೆ ಸಿಕ್ಕಿದ್ದು ಗಾಜಿನ ಗೋಡೆಯ ಎರಡು ಕೋಣೆ, ಗ್ಯಾಸ್ ಸಿಲಿಂಡರ್, ಕಿವಿ ಕಿತ್ತುಹೋಗುವಂತೆ ಕಿರುಚುವ ಮಿಕ್ಸರ್, ತಳ ಸೀಳಿದ ಪ್ಲಾಸ್ಟಿಕ್ ಬಕೆಟ್. ನಿಮಗಾದರೆ ಹೊಸ ಬಕೆಟ್ ತರಲು ಅಂಗಡಿಯಿದೆ. ನಾನು ಬಾಗಿಲು ದಾಟುವಂತಿಲ್ಲ. ವಿದ್ಯಾರ್ಥಿಗಳು ಗಾಜಿನಾಚೆ ಕುಳಿತು ನಾನು ರೊಟ್ಟಿ ಬಡಿಯುವುದನ್ನು ಟಿಪ್ಪಣಿ ಮಾಡಿಕೊಳ್ಳುತ್ತಾರೆ. ರೊಟ್ಟಿ ಸೀದರೆ ಅದನ್ನೂ ಬರೆದುಕೊಳ್ಳುತ್ತಾರೆ.

ಹೊರಬರುವ ದಾರಿ ಒಂದೇ. ಒಳಗೆ ಹೋಗುವ ದಿನ ತರಗತಿ ಒಂದು ಪ್ರಶ್ನೆ ಕೇಳುತ್ತದೆ. ಆಧಾರ ಸಮೇತ ಉತ್ತರಿಸಿದರೆ ಬಾಗಿಲು ತೆರೆಯುತ್ತದೆ. ಚುನಾವಣೆ, ಬಟ್ಟೆ, ಬೆಲೆ ಎಲ್ಲಕ್ಕೂ ಸಿದ್ಧಳಾಗಿ ಬಂದಿದ್ದೆ. ಮುಂದಿನ ಸಾಲಿನ ಹುಲಿಗೆಮ್ಮ ಎದ್ದು ನಿಂತು, “ಮೇಡಮ್ಮಾರ, ಕರೆಂಟ್ ಹೋದಾಗ ಈ ಮಂದಿ ಕುಂತ್ಕಂಡು ಏನ್ ಮಾತಾಡ್ತಿದ್ರು?” ಅಂದಳು.

ನಿಮ್ಮ ಲೆಕ್ಕವಿಲ್ಲದಷ್ಟು ಚಿತ್ರಗಳು ನನ್ನ ಬಳಿ ಇವೆ, ಇದೊಂದಕ್ಕೆ ಉತ್ತರವಿಲ್ಲ. ಕರೆಂಟ್ ಹೋದೊಡನೆ ನೀವು ಚಾರ್ಜ್ ಉಳಿಸಲು ಫೋನನ್ನು ಬದಿಗಿಟ್ಟುಬಿಟ್ಟಿರಿ. ಎದುರುಬದುರು ಕುಳಿತು ಮಾತಾಡಿದ ಹೊತ್ತೇ ದಾಖಲೆಯಲ್ಲಿಲ್ಲ. ನಿಯಮದಂತೆ ನನ್ನ ಮನೆಯಲ್ಲೂ ಸಂಜೆ ಕರೆಂಟ್ ತೆಗೆಯುತ್ತಾರೆ. ಮೇಣದಬತ್ತಿ ಹಚ್ಚಿ ಕೂರುತ್ತೇನೆ. ಎದುರಿಗೆ ಯಾರೂ ಇರುವುದಿಲ್ಲ. ಒಂದೊಂದು ಸಲ ನಿಮ್ಮ ಮೇಲೆ ವಿಪರೀತ ಸಿಟ್ಟು ಬರುತ್ತದೆ, ಆಮೇಲೆ ಅಳು. ತಲೆ ಪೂರ್ತಿ ನರೆತಿದೆ. ಇದುವರೆಗೆ ಒಂದು ವೀರಗಲ್ಲನ್ನೂ ಕೈಯಿಂದ ಮುಟ್ಟಿಲ್ಲ.

ಇದು ಹಿಂಚೀಟಿ, ಅಂದರೆ ಹಿಂದಿನ ಕಾಲಕ್ಕೆ ಜೀವಮಾನದಲ್ಲಿ ಒಮ್ಮೆ ಮಾತ್ರ ಕಳುಹಿಸಬಹುದಾದ ಕಾಗದ. ನಿಮ್ಮನ್ನು ಬೇಡಿಕೊಳ್ಳುತ್ತೇನೆ. ಇವತ್ತು ಕತ್ತಲಲ್ಲಿ ಮಾತಾಡಿದ್ದನ್ನು, ಸೊಳ್ಳೆಗೆ ಬೈದದ್ದೂ ಸೇರಿ, ಇದ್ದ ಹಾಗೆ ಬರೆದು ಗಾಜಿನ ಭರಣಿಯಲ್ಲಿಟ್ಟು, ಕೋಟೆ ಗುಡ್ಡದ ಬುಡದ ಸೀಳುಬಂಡೆಯ ಕೆಳಗೆ ಹೂಳಿ. ಚಂದ ಮಾಡಲು ಹೋಗಬೇಡಿ.

ನೀವು ಹೂಳಿದ್ದರೆ ಆ ಭರಣಿ ನಾನು ಹುಟ್ಟುವ ಮೊದಲಿನಿಂದಲೂ ಅಲ್ಲೇ ಇದೆ. ಹೂಳದಿದ್ದರೆ ಅದೂ ಎಂದೋ ಆಗಿಹೋಗಿದೆ. ಅಗೆಯಲು ಕಾಲೇಜು ಒಂದೇ ಸಲ ಅಪ್ಪಣೆ ಕೊಟ್ಟಿದೆ. ಹುಲಿಗೆಮ್ಮ ಈಗ ಇಲ್ಲಿಯೇ ಗಣಿತದ ಅಧ್ಯಾಪಕಿ. ಇತಿಹಾಸದ ತಂಟೆಗೆ ಹೋಗಲಿಲ್ಲ, ಬುದ್ಧಿವಂತೆ. ಬೆಳಗಿನಿಂದ ಗುದ್ದಲಿ ಹಿಡಿದು ಗಾಜಿನಾಚೆ ನಿಂತು ನನ್ನ ಮುಖವನ್ನೇ ನೋಡುತ್ತಿದ್ದಾಳೆ.

ನಾನಿನ್ನೂ ಹೂಂ ಅಂದಿಲ್ಲ.

ನೀಲಗಂಗಾ